ಗದಗಿನ ಬಸ್ಸು ಬರುವುದರೊಳಗೆ

ನಮ್ಮ ಭಾಗದ ಮೂರು ಊರುಗಳಲ್ಲೊಂದರ ಬಸ್ ಸ್ಟ್ಯಾಂಡು. ಅದು ರೋಣವೋ, ನರಗುಂದವೋ, ಗಜೇಂದ್ರಗಡವೋ ಎಂಬುದನ್ನು ಬರೆಯುವುದಿಲ್ಲ. ಬರೆದರೆ ಉಳಿದೆರಡು ಊರಿನವರು "ನಮ್ಮಲ್ಲಿ ಹಾಂಗಿಲ್ಲ ಬಿಡ್ರಿ" ಎಂದು ಪೇಪರ್ ಮಡಚಿ ಇಟ್ಟಾರು. ಎರಡು ವರ್ಷದ ಹಿಂದಿನ ಮಾತು. ಮಧ್ಯಾಹ್ನದ ಬಿಸಿಲು. ವರ್ಷದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಿಯೊಬ್ಬಳು ಅಂಗಡಿ ಮುಂದೆ ಬಂದು ನಿಂತಳು. ಕೂಸಿನ ತುಟಿ ಒಣಗಿತ್ತು, ಕಣ್ಣು ಒಳಗೆ ಇಳಿದಿದ್ದವು.

"ಅಣ್ಣಾರ, ಕೂಸಿಗೆ ನಿನ್ನೀಂದ ಹೊಟ್ಟಿ ಝಾಡಸಾಕತ್ತೈತ್ರಿ. ಅದೇನೋ ಓ.ಆರ್.ಎಸ್. ಅಂತಾರಲ್ರಿ, ಅದು ಐತೇನ್ರಿ?"

ಅಂಗಡಿಯವ ಫ್ರಿಜ್ ತೆರೆದು ಹಣ್ಣಿನ ಚಿತ್ರವಿದ್ದ ಡಬ್ಬಿಯೊಂದನ್ನು ಕೈಗಿಟ್ಟ. "ಇದ ನೋಡ್ರಿ ಯಕ್ಕಾ. ತಂಪೂ ಐತಿ, ಸಿಹೀನೂ ಐತಿ. ಕೂಸು ಚಲೋತ್ನಂಗ ಕುಡಿತೈತಿ."

ಕೂಸು ಕುಡಿಯಿತು. ಬಾಯಾರಿದ ಕೂಸು ಏನು ಕೊಟ್ಟರೂ ಕುಡಿಯುತ್ತದೆ. ಮುಕ್ಕಾಲು ತಾಸಿನ ಮೇಲೆ ಗದಗಿನ ಬಸ್ಸು ಬಂತು, ತಾಯಿ ಹತ್ತಿ ಹೋದಳು. ಅಂಗಡಿಯವನದು ಮೋಸದ ಬುದ್ಧಿಯಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಆತ ನಂಬಿದ್ದ. ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಿದ್ದ ಈ ವರದಿಗಾರನೂ ಬಾಯಿ ಬಿಡಲಿಲ್ಲ, ಏಕೆಂದರೆ ಈತನಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ಮನಿರುವುದು ಸರಿಯಲ್ಲವೆಂದು ಈ ಮಾತು ಬರೆಯುತ್ತಿದ್ದೇವೆ.

ಡಬ್ಬಿಯಲ್ಲಿದ್ದದ್ದು ಸಕ್ಕರೆ ನೀರು

ಓ.ಆರ್.ಎಸ್. ಎಂದರೆ ಅಂಗಡಿಯ ತಂಪು ಪಾನೀಯವಲ್ಲ, ಅದು ಅಳತೆಯ ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ ಪುಡಿ. ಇದರಲ್ಲಿ ಸಕ್ಕರೆಯ ಕೆಲಸ ರುಚಿ ಕೊಡುವುದಲ್ಲ. ಕರುಳಿನ ಗೋಡೆ ದಾಟಿಸಿ ಉಪ್ಪನ್ನು ಒಳಗೆ ಕರೆದೊಯ್ಯುವುದು ಆ ಗ್ಲೂಕೋಸ್, ಉಪ್ಪಿನ ಬೆನ್ನಿಗೆ ನೀರೂ ಮೈಸೇರುತ್ತದೆ. ಆದರೆ ಸಕ್ಕರೆ ಮಿತಿ ಮೀರಿದರೆ ಆಟ ಉಲ್ಟಾ. ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದು ತಂದು ಭೇದಿಯನ್ನು ಹೆಚ್ಚಿಸುತ್ತದೆ. ಡಬ್ಬಿಯಲ್ಲಿ ಮಾರುತ್ತಿದ್ದ ಎಷ್ಟೋ ಪಾನೀಯಗಳಲ್ಲಿ ಸಕ್ಕರೆ ಈ ಅಳತೆಯ ಎಷ್ಟೋ ಪಟ್ಟು, ಉಪ್ಪು ಮಾತ್ರ ಕಡಿಮೆ. ಹೆಸರಿನಲ್ಲಿ ಮಾತ್ರ ಓ.ಆರ್.ಎಸ್. ಎಂಬ ಮೂರಕ್ಷರ.

ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಇದರ ವಿರುದ್ಧ ದನಿ ಎತ್ತಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಇಂಥ ಪಾನೀಯಗಳ ಹೆಸರಿನಲ್ಲಿ ಆ ಮೂರಕ್ಷರ ಇರಕೂಡದು ಎಂದು ಆದೇಶ ಮಾಡಿತು. ಆದೇಶ ದಿಲ್ಲಿಯಲ್ಲಾಯಿತು, ಸಂತೋಷ. ಆದರೆ ಮಂದಿಯ ಬಾಯಲ್ಲಿ ಕೂತ ಹೆಸರು ಆದೇಶದಿಂದ ಹೋಗುವುದಿಲ್ಲ. ಡಬ್ಬಿಯ ಹೆಸರು ಬದಲಾದರೂ ತಾಯಿ ಅದೇ ಬಣ್ಣದ ಡಬ್ಬಿಗೆ ಕೈ ತೋರಿಸುತ್ತಾಳೆ. ಆಗ ಎದುರಿಗಿರುವವರು ಅಂಗಡಿಕಾರರಾದ ನೀವು. ಆದ್ದರಿಂದ ಈ ಬರಹ ಮೊದಲು ನಿಮಗೇ.

ಒಂದು ಮಾತು ಹೇಳಿದರೆ ಸಾಕು: "ಯಕ್ಕಾ, ಇದು ಭೇದಿಗೆ ಅಲ್ರಿ. ಮೆಡಿಕಲ್ ಅಂಗಡ್ಯಾಗ ಪುಡಿ ಪಾಕೀಟ ಸಿಗತೈತಿ, ಅದನ್ನ ತಗೋರಿ." ಒಂದು ಡಬ್ಬಿಯ ವ್ಯಾಪಾರ ಹೋದೀತು. ಆದರೆ ಆ ತಾಯಿ ಮುಂದಿನ ಸಂತೆಗೆ ನಿಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಾಳೆ.

ಡ್ರಮ್ಮಿನಲ್ಲಿ ಕಲಸಿದ ಔಷಧಿ

ಈ ಪುಡಿಯ ಹಿಂದೆ ದೊಡ್ಡ ಕಥೆಯಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಗಡಿಯ ಬನ್‌ಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಬಡಿಯಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್, ಸೋಡಾ ಅಳೆದು ಡ್ರಮ್ಮುಗಳಲ್ಲಿ ನೀರಿಗೆ ಕಲಸಿಸಿ, ರೋಗಿಗಳ ಬಂಧುಗಳ ಕೈಗೇ ಬಟ್ಟಲು ಕೊಟ್ಟು ಕುಡಿಸಿ ಎಂದರು. ಬೇರೆ ಶಿಬಿರಗಳಲ್ಲಿ ನೂರಕ್ಕೆ 20-30 ಮಂದಿ ಸಾಯುತ್ತಿದ್ದಾಗ ಅವರ ಶಿಬಿರದಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. 1978ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯ ಪತ್ರಿಕೆ, ಈ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಇದಾದೀತು ಎಂಬರ್ಥದ ಮಾತು ಬರೆಯಿತು. ಆ ವೈದ್ಯರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ಬಟ್ಟಲು ಹಿಡಿದವರು ಡಾಕ್ಟರರಲ್ಲ, ನರ್ಸುಗಳೂ ಅಲ್ಲ. ತಾಯಂದಿರು, ಅಣ್ಣ ತಮ್ಮಂದಿರು. ಅವರಿಂದ ಅಲ್ಲಿ ಆದದ್ದು ನಮ್ಮ ಮಂದಿಯಿಂದ ಇಲ್ಲಿ ಏಕೆ ಆಗಬಾರದು?

ಹಾದಿಯ ಎರಡು ತಾಸು

ರೋಣದಿಂದ ಗದಗಿಗೆ ಸುಮಾರು 40 ಕಿಲೋಮೀಟರು, ಗಜೇಂದ್ರಗಡದಿಂದ 50ಕ್ಕೂ ಮೇಲೆ. ನರಗುಂದದವರು ಗದಗಿಗೂ ಹೋಗುತ್ತಾರೆ, ಮಂದಿ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೂ ಹೋಗುತ್ತಾರೆ. ಹಳ್ಳಿಯಿಂದ ತಾಲೂಕಿಗೆ ಬರಲು ಒಂದು ತಾಸು, ಬಸ್ಸು ಕಾಯಲು ಅರ್ಧ ತಾಸು, ಮುಂದೆ ತಾಸಿನ ಮೇಲೆ ಹಾದಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ ದುಡ್ಡು ಬೇಕಿಲ್ಲ, ಅದು ದೊಡ್ಡ ಉಪಕಾರ. ಆದರೆ ಹೊತ್ತನ್ನು ಯಾರೂ ಪುಕ್ಕಟೆ ಕೊಡಲಾರರು. ಭೇದಿಯಾದ ಕೂಸಿನ ಮೈಯಿಂದ ನೀರು ಬಸ್ಸಿನಲ್ಲಿ ಕೂತಾಗಲೂ ಹೋಗುತ್ತಲೇ ಇರುತ್ತದೆ.

ಆ ಹಾದಿಯಲ್ಲಿ ಮಾಡುವ ಕೆಲಸ ಕಷ್ಟದ್ದಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿಯೇ ಅಳತೆಯ ಪಾತ್ರೆ. ದೊಡ್ಡ ಪಾಕೀಟಿನ ಪುಡಿಯನ್ನೆಲ್ಲ ಆ ಒಂದು ಲೀಟರಿಗೆ ಹಾಕಿ ಕುಲುಕಬೇಕು. 200 ಮಿಲಿಲೀಟರಿನ ಸಣ್ಣ ಪಾಕೀಟೂ ಬರುತ್ತದೆ, ಅದಕ್ಕೆ ಒಂದು ಲೋಟ ನೀರು. ಪಾಕೀಟಿನ ಮೇಲೆ ಯಾವ ಅಳತೆ ಬರೆದಿದೆ ಎಂದು ಓದಿ ಹೇಳುವುದು ಮೆಡಿಕಲ್ ಅಂಗಡಿಯವರ ಧರ್ಮ. ದೊಡ್ಡ ಪಾಕೀಟನ್ನು ಒಂದೇ ಲೋಟಕ್ಕೆ ಹಾಕಿದರೆ ಉಪ್ಪು ವಿಪರೀತವಾಗಿ ಕೂಸಿಗೆ ಅಪಾಯ. ಚಿಟಿಕೆ ಚಿಟಿಕೆ ಹಾಕಿದರೆ ಉಪಯೋಗವಿಲ್ಲ. ಹಾಲಿಗೆ, ಸೋಡಾಕ್ಕೆ, ಹಣ್ಣಿನ ರಸಕ್ಕೆ ಕಲಸಬಾರದು, ಮೇಲೆ ಸಕ್ಕರೆ ಹಾಕಬಾರದು. ಕಲಸಿದ್ದನ್ನು 24 ತಾಸಿನ ನಂತರ ಚೆಲ್ಲಬೇಕು.

ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರು, ಅದಕ್ಕೆ ದೊಡ್ಡವರಿಗೆ 100ರಿಂದ 200. ಚಮಚದಿಂದ ಗುಟುಕು ಗುಟುಕಾಗಿ ಕೊಡಬೇಕು. ಕಾರಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನ ಶುರು ಮಾಡಬೇಕು. "ಕೊಟ್ಟರೆ ಕಾರತೈತ್ರಿ" ಎಂದು ಬಿಟ್ಟುಬಿಡುವುದೇ ನಮ್ಮವರು ಮಾಡುವ ದೊಡ್ಡ ತಪ್ಪು.

ಪಾಕೀಟು ಸಿಗದ ಹೊಲಮನಿಯಲ್ಲಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಸಪಾಟು ಮಾಡಿ ಅಳೆದದ್ದು. ದೊಡ್ಡ ಕೂಸಿಗೆ ಉಪ್ಪು ಹಾಕಿದ ಅಕ್ಕಿ ಗಂಜಿ, ಮಜ್ಜಿಗೆಯೂ ನಡೆದೀತು. ಮೊಲೆಹಾಲನ್ನು ಎಂದೂ ನಿಲ್ಲಿಸಕೂಡದು. ಇದರ ಜೊತೆಗೆ ಝಿಂಕ್ ಗುಳಿಗೆ: ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳ ಮೇಲೆ ಐದು ವರ್ಷದವರೆಗೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ. ಪುಡಿ, ಗುಳಿಗೆ ಎರಡನ್ನೂ ಸರ್ಕಾರ ಆಶಾ ಕಾರ್ಯಕರ್ತೆಯರ ಮೂಲಕ ಪುಕ್ಕಟೆ ಕೊಡುತ್ತದೆ. ಕೇಳಿ ಪಡೆಯುವುದು ಹಕ್ಕು.

ಕೂಸು ಎಚ್ಚರ ತಪ್ಪಿದಂತೆ ಮಲಗಿದರೆ, ಕುಡಿಯಲಾರದಾದರೆ, ಕಣ್ಣು ಗುಳಿ ಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ತಟ್ಟನೆ ಕೂಡದಿದ್ದರೆ, ಮಲದಲ್ಲಿ ರಕ್ತ ಕಂಡರೆ ಬಸ್ಸಿಗೆ ಕಾಯಬೇಡಿ. 2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡುತ್ತಿದೆ, ಕರೆಯಿರಿ. ಅದು ಬರುವತನಕ, ಕೂಸಿಗೆ ಎಚ್ಚರವಿದ್ದು ನುಂಗುವಂತಿದ್ದರೆ, ಚಮಚ ನಿಲ್ಲಿಸಬೇಡಿ.

ಹೊಟ್ಟೆಯ ಮೇಲಿನ ಬರೆ

ಈಗ ಮನೆಯ ಮಾತು. ಈ ವರದಿಗಾರನ ಹೊಟ್ಟೆಯ ಮೇಲೆ ಹೊಕ್ಕಳದ ಸುತ್ತ ನಾಲ್ಕು ಸಣ್ಣ ಕಲೆಗಳಿವೆ. ಕೂಸಿದ್ದಾಗ ಹೊಟ್ಟೆ ಉಬ್ಬಿ ಭೇದಿಯಾದಾಗ ಕಾಸಿದ ಕಡ್ಡಿಯಿಂದ ಹಾಕಿಸಿದ ಚುಟಿಗೆ ಅವು. "ನೀರ ಕೊಟ್ರ ಮತ್ತ ನೀರಾಗೇ ಹೊಕ್ಕೈತಿ" ಎಂದು ಒಂದು ದಿನವಿಡೀ ನೀರೂ ಕೊಟ್ಟಿರಲಿಲ್ಲವಂತೆ. ಅಜ್ಜಿಗೆ ಮೊಮ್ಮಗನ ಮೇಲೆ ದ್ವೇಷವಿತ್ತೇ? ಇಲ್ಲ. ಮೂರು ರಾತ್ರಿ ನಿದ್ದೆ ಬಿಟ್ಟು ತೊಡೆಯ ಮೇಲೆ ಹಾಕಿಕೊಂಡು ಕೂತವಳು ಅವಳೇ. ಪ್ರೀತಿಗೆ ಕೊರತೆ ಇರಲಿಲ್ಲ, ಹೇಳಿಕೊಡುವವರ ಕೊರತೆ ಇತ್ತು.

ಆ ಕೊರತೆ ಇನ್ನೂ ಪೂರ್ತಿ ನೀಗಿಲ್ಲ. ಭೇದಿಗೆ ನೀರು ನಿಲ್ಲಿಸುವವರು ಇದ್ದಾರೆ. ನೆತ್ತಿ ಕುಸಿದರೆ ಎಣ್ಣೆ ಇಟ್ಟು ಸುಮ್ಮನಾಗುವವರು ಇದ್ದಾರೆ. ಕುಸಿದ ನೆತ್ತಿ ಮೈಯಲ್ಲಿ ನೀರು ಬತ್ತಿದ್ದರ ಗುರುತು, ಅದಕ್ಕೆ ಮದ್ದು ಬಾಯಿಗೇ ಕೊಡಬೇಕು. "ಪಕ್ಕಿ ಎಳಿಯಾಕತ್ತೈತಿ" ಎಂದು ಬರೆ ಹಾಕಿಸುವುದಂತೂ ಘೋರ. ಅದು ನ್ಯುಮೋನಿಯಾ ಇರಬಹುದು. ಕೂಸು ಅಳದೆ ಮಲಗಿದ್ದಾಗ ಗಡಿಯಾರ ಹಿಡಿದು ಒಂದು ನಿಮಿಷದ ಉಸಿರು ಎಣಿಸಿರಿ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅಥವಾ ಪಕ್ಕೆ ಒಳಗೆ ಎಳೆದರೆ ಅದೇ ಹೊತ್ತಿಗೆ ಆಸ್ಪತ್ರೆ.

ಚಹಾ, ಸಾರು, ಬಚ್ಚಲ ನೀರು ಚೆಲ್ಲಿ ಸುಟ್ಟುಕೊಂಡ ಮಕ್ಕಳ ವಿಷಯವೂ ಹೀಗೇ. ಹಲ್ಲಿನ ಪೇಸ್ಟು, ಶಾಯಿ, ಅರಿಶಿನ ಮೆತ್ತುವುದು ಬೇಡ. ನಳದ ತಣ್ಣೀರು 20 ನಿಮಿಷ ಬಿಟ್ಟು, ಸ್ವಚ್ಛ ಬಟ್ಟೆ ಹೊದಿಸಿ ಕರೆದೊಯ್ಯಿರಿ. ಇನ್ನು ನಾಲ್ಕು ತಿಂಗಳಾದರೂ ಕತ್ತು ನಿಲ್ಲದ, ಒಂಬತ್ತಾದರೂ ಕೂಡದ, ಒಂದೂವರೆ ವರ್ಷವಾದರೂ ನಡೆಯದ, ಮಾತು ಹೊರಡದ ಕೂಸನ್ನು "ಅವರಪ್ಪನೂ ತಡಾನ ಮಾತಾಡಿದ್ದ" ಎಂದು ಬಿಡಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮದಂತೆ ಡಾಕ್ಟರರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಆ ದಿನ ಕೂಸನ್ನು ಮನೆಯಲ್ಲಿ ಮುಚ್ಚಿಡದೆ ಮುಂದೆ ತಂದು ಕೂರಿಸಿರಿ.

ಸಂಬಂಧಪಟ್ಟವರಿಗೆ

ಎಲ್ಲವನ್ನೂ ತಾಯಿಯ ತಲೆಗೆ ಹೊರಿಸಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಕೆಸರು ನೀರು ನಳದಲ್ಲಿ ಬಂದರೆ ಅದಕ್ಕೆ ಉತ್ತರ ಹೇಳಬೇಕಾದವರು ಪುರಸಭೆ, ಪಂಚಾಯತಿಯವರು. ಮಳೆಗಾಲದ ಹೊಸ ನೀರಿಗೆ ಮುಂಚೆ ಟಾಕಿ ತೊಳೆಯುವುದು, ಗಟಾರದಲ್ಲಿ ಮುಳುಗಿದ ಪೈಪು ರಿಪೇರಿ ಮಾಡುವುದು ಅವರ ಕೆಲಸ. ಅದನ್ನು ನಾವು ಕೇಳುತ್ತಲೇ ಇರುತ್ತೇವೆ. ಇಂದು ಕೇಳುವುದು ದೊಡ್ಡ ಅನುದಾನ ಬೇಡದ ಮೂರು ಕೆಲಸ.

ಮೊದಲನೆಯದು, ಮೂರೂ ಊರಿನ ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಆರೋಗ್ಯ ಇಲಾಖೆ ಓ.ಆರ್.ಎಸ್. ಪಾಕೀಟು ಇಡಲಿ; ಗಂಡಸರೂ ಹೆಂಗಸರೂ ಕೇಳಿ ಪಡೆಯುವಂತೆ ಗೋಡೆಗೆ ಬೋರ್ಡು ಬರೆಸಲಿ. ಎರಡನೆಯದು, ಸರ್ಕಾರಿ ಆಸ್ಪತ್ರೆಗಳಲ್ಲಿ ಕೂಸನ್ನು ಮನೆಗೆ ಕಳಿಸುವ ಮುನ್ನ ನರ್ಸ್ ಅಕ್ಕಂದಿರು ತಾಯಿಯ ಕೈಯಿಂದಲೇ ಒಂದು ಸಲ ಪುಡಿ ಕಲಸಿಸಿ ನೋಡಲಿ. ಚೀಟಿ ಬರೆದುಕೊಟ್ಟರೆ ಓದಲು ಬಾರದವಳಿಗೆ ಏನು ಪ್ರಯೋಜನ? ಹತ್ತು ನಿಮಿಷದ ಈ ಪಾಠಕ್ಕೆ ಪುರುಸೊತ್ತು ಸಿಗುವಷ್ಟು ನರ್ಸುಗಳನ್ನು ಕೊಡುವುದು ಮೇಲಿನವರ ಜವಾಬ್ದಾರಿ. ಮೂರನೆಯದು, ಆಹಾರ ಇಲಾಖೆಯ ಇನ್ಸ್‌ಪೆಕ್ಟರರು ಹಳೆಯ ಹೆಸರಿನ ಡಬ್ಬಿ ಎಲ್ಲೂ ಉಳಿಯದಂತೆ ನೋಡಲಿ; ಆದರೆ ಸಣ್ಣ ಅಂಗಡಿಯವನನ್ನು ಮೊದಲು ದಂಡದಿಂದ ಹೆದರಿಸದೆ ತಿಳಿಸಿ ಹೇಳಲಿ.

ನೀರಿನ ಬೆಲೆ ಈ ನೆಲಕ್ಕೆ ಯಾರೂ ಕಲಿಸಬೇಕಾಗಿಲ್ಲ. ನೀರ ಕರದ ವಿರುದ್ಧ 1980ರಲ್ಲಿ ಎದ್ದ ನರಗುಂದ, 2015ರಿಂದ ಮಹದಾಯಿಗಾಗಿ ಧರಣಿ ಕೂತ ನರಗುಂದ ನಮ್ಮದು. ಹೊಲಕ್ಕೆ, ಕೊಡಕ್ಕೆ ನೀರು ಕೇಳಿದ ಮಂದಿ ಒಣಗಿದ ತುಟಿಯ ಕೂಸಿಗೆ ಚಮಚ ನೀರು ತಪ್ಪಿಸಬಾರದು.

ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ನಿಮ್ಮ ಪಕ್ಕದ ಸೀಟಿನಲ್ಲಿ ಬಳಲಿದ ಕೂಸಿನ ತಾಯಿ ಕೂತಿದ್ದರೆ ಈ ವರದಿಗಾರನಂತೆ ಸುಮ್ಮನಿರಬೇಡಿ. "ತಂಗೀ, ಪುಡಿ ಕಲಿಸಿದ ನೀರ ಕೊಟ್ಟೀಯೇನವಾ?" ಎಂದು ಕೇಳಿರಿ. ಗದಗಿನ ಬಸ್ಸು ಬರುವುದರೊಳಗೆ ಆಗುವ ಕೆಲಸವದು.