ಹೆಳವರ ದಫ್ತರದಲ್ಲಿ ನಮ್ಮ ಹಿರಿಯರು

ಕಳೆದ ಸುಗ್ಗಿಯಲ್ಲಿ ಅಮೆರಿಕದಿಂದ ಬಂದಿದ್ದ ನಮ್ಮ ತಮ್ಮನ ಮೊಮ್ಮಗಳು ನವಲಗುಂದದ ಮನೆಯ ಪಡಸಾಲೆಯಲ್ಲಿ ಕುಳಿತು, "ಅಜ್ಜಾ, ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನು?" ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ. ಉತ್ತರ ಬಲ್ಲವರು ಹಿಂದಿನ ವರ್ಷವೇ ನಮ್ಮ ಬಾಗಿಲಿಗೆ ಬಂದಿದ್ದರು. ಹೊಲದ ಅವಸರದಲ್ಲಿದ್ದ ನಾವು ಕೈಗೆ ಇಪ್ಪತ್ತು ರೂಪಾಯಿ ಇಟ್ಟು ಸಾಗಹಾಕಿದ್ದುದು ನೆನಪಾಗಿ ನಾಚಿಕೆಯಾಯಿತು.

ಅವರು ಹೆಳವರು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು, ಮನೆಮನೆಯ ಚರಿತ್ರೆ ಹೇಳುತ್ತ ಬರುವ ಇವರ ಸಂಗತಿಯನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ಬರೆದಿದ್ದಾನೆ. ಈಗ ಎತ್ತು ಅಪರೂಪ. ಬಸ್ಸಿನಲ್ಲಿ ಬರುತ್ತಾರೆ, ಮೋಟಾರ್ ಸೈಕಲ್ಲಿನ ಮೇಲೂ ಬರುತ್ತಾರೆ. ದಫ್ತರ ಮಾತ್ರ ಬಗಲಲ್ಲಿರುತ್ತದೆ. ಮೂಲ ಊರು, ಬೆಡಗು, ಮನೆದೇವರು, ಅಣ್ಣತಮ್ಮಂದಿರು ಪಾಲಾದದ್ದು, ದತ್ತು ಹೋದದ್ದು ಎಲ್ಲವೂ ಅದರಲ್ಲಿ ಉಂಟು.

ಸರಕಾರಿ ಕಾಗದಗಳಲ್ಲಿ ಹುಡುಕಬಾರದೇ ಎಂದು ಓದುಗ ಬಂಧುಗಳು ಕೇಳಬಹುದು. ಹುಡುಕಬಹುದು. ಆದರೆ ಉತಾರದಲ್ಲಿ ಭೂಮಿಯುಳ್ಳವನ ಹೆಸರಷ್ಟೇ ಸಿಕ್ಕೀತು. 1956ರವರೆಗೆ ಮುಂಬಯಿಗೆ ಸೇರಿದ್ದ ನಮ್ಮ ಸೀಮೆಯ ಹಳೆಯ ಪತ್ರಗಳಲ್ಲಿ ಹಲವು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ವಿರಳ. ಅಡ್ಡಹೆಸರೂ ಒಂದು ಸುಳಿವೇ ಸರಿ. ನವಲಗುಂದ, ಅಣ್ಣಿಗೇರಿ ಎಂಬ ಅಡ್ಡಹೆಸರು ಆ ಊರುಗಳಲ್ಲೇ ಉಳಿದವರಿಗೆ ಏಕೆ ಬೇಕು? ಊರು ಬಿಟ್ಟು ಹೋದವರನ್ನಲ್ಲವೇ ಜನ ಊರ ಹೆಸರಿನಿಂದ ಗುರುತಿಸುವುದು!

ವಿಚಾರಿಸುತ್ತ ಹೋಗಿ ನಮ್ಮ ಮನೆತನದ ಹೆಳವರನ್ನು ಕಂಡೆವು. ಪ್ರತಿ ಹೆಳವ ಮನೆತನಕ್ಕೂ ತನ್ನವೇ ಆದ ಊರುಗಳಿದ್ದು, ಒಬ್ಬರ ಒಕ್ಕಲಿನಲ್ಲಿ ಇನ್ನೊಬ್ಬರು ಕೈಹಾಕುವುದಿಲ್ಲ. ವೃದ್ಧರು ನಮ್ಮನ್ನು ಆಕ್ಷೇಪಿಸದೆ ದಫ್ತರ ಬಿಚ್ಚಿ, ಏಳು ತಲೆಗಳನ್ನು ಉಸಿರು ಬಿಡದೆ ಹೇಳಿದರು. ಮಲಪ್ರಭೆಯ ಆಚೆಯ ಒಂದು ಹಳ್ಳಿಯಿಂದ ಇಬ್ಬರು ಅಣ್ಣತಮ್ಮಂದಿರು ಬಂದರೆಂದೂ, ಕಿರಿಯವನ ಸಂತತಿಯೇ ನಾವೆಂದೂ ಆಗ ತಿಳಿಯಿತು. ಹಿರಿಯವನ ಮಕ್ಕಳು ಎಲ್ಲಿದ್ದಾರೋ!

ಅವರ ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದು ಈ ಕಾಯಕದತ್ತ ಮುಖ ಮಾಡಿಲ್ಲ. ಯೂಟಾ ರಾಜ್ಯದ ಫ್ಯಾಮಿಲಿಸರ್ಚ್ ಎಂಬ ಸಂಸ್ಥೆಯು ಹೆಳವರ ದಫ್ತರಗಳ ಪುಟಗಳನ್ನು ಛಾಯಾಚಿತ್ರ ತೆಗೆದು ಉಳಿಸಲು ಮುಂದಾಗಿದೆ. ಸಮುದ್ರದಾಚೆಯವರಿಗೆ ಬಂದ ಕಾಳಜಿ ಪಕ್ಕದ ಮನೆಯವರಾದ ನಮಗೆ ಬರಲಿಲ್ಲ. ಪುಟ ಉಳಿದರೂ ಹೇಳುವ ಧಾಟಿ ಉಳಿದೀತೆಂಬ ನಂಬಿಕೆ ನಮಗಿಲ್ಲ.

ಹುಡುಗಿ ತನ್ನ ಹೆಸರನ್ನೂ ಬರೆಯಿರೆಂದಳು. ಇಡೀ ದಫ್ತರದಲ್ಲಿ ನಮ್ಮ ಮನೆಯ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ. "ಹೆಣ್ಮಕ್ಕಳನ್ನ ಬರಿಯೂದಿಲ್ರೀ, ಕೊಟ್ಟ ಮನಿ ಲೆಕ್ಕಕ್ಕ ಹೋಗ್ತಾರ" ಎಂದರು ವೃದ್ಧರು. ಆಕೆ ಸುಮ್ಮನಾದಳು. ನಾವು ಸುಮ್ಮನಾಗಲಿಲ್ಲ, ಬರೆಯಲೇಬೇಕೆಂದೆವು. ಅವರು ಬಹಳ ಹೊತ್ತು ಪುಟವನ್ನೇ ನೋಡುತ್ತಿದ್ದು, ಕೊನೆಗೆ ಪೆನ್ನು ತೆಗೆದು, ಆಕೆ ಇರುವ ಊರಿನ ಹೆಸರನ್ನು ಮೂರು ಸಲ ಹೇಳಿಸಿಕೊಂಡು ಬರೆದುಕೊಂಡರು.