ನಂದೊಳ್ಳಿಯ ಹುಡುಗ ಯಾವ ಗೇಟಿನಿಂದ ಒಳಗೆ ಬರಬೇಕು?

ಯಲ್ಲಾಪುರ ತಾಲೂಕಿನ ನಂದೊಳ್ಳಿಯ ಕಡೆ ಯಾರಾದರೂ ‘ಆಟಕ್ಕೆ ಹೊರಟೆ’ ಅಂದರೆ ಅದು ಯಕ್ಷಗಾನ. ಕ್ರಿಕೆಟ್ಟಲ್ಲ, ಕಬಡ್ಡಿಯಲ್ಲ. ಟೆಂಟೋ ಬಯಲೋ, ರಾತ್ರಿ ಶುರುವಾದ ಆಟ ಬೆಳಗಿನ ಜಾವದವರೆಗೆ. ಮಂಗಳ ಹಾಡುವ ಹೊತ್ತಿಗೆ ಮೊದಲ ಬಸ್ಸೂ ಬಂದಿರುತ್ತದೆ. ಕಣ್ಣುಜ್ಜಿಕೊಂಡು ಹತ್ತಿ ಕೂತರೆ ಮನೆ. ಈಗ ಕಾಲಮಿತಿ ಆಟಗಳು ಬಂದು ಆ ಲೆಕ್ಕವೂ ಕೆಟ್ಟಿದೆ, ಇರಲಿ. ಹೇಳಬೇಕಾದ್ದು ಇಷ್ಟು: ಆಟ ಆಡಿಸುವವನಿಗೆ ನೋಡಲು ಬಂದವನು ಮನೆಗೆ ಹೇಗೆ ಹೋಗುತ್ತಾನೆ ಎಂಬುದು ಗೊತ್ತಿತ್ತು. ದಾರಿ ಯಾವ ಕಡೆ, ಚಹಾ ಎಲ್ಲಿ, ಹೆಂಗಸರು ಮಕ್ಕಳು ಎಲ್ಲಿ ಕೂರಬೇಕು, ಎಲ್ಲವನ್ನೂ ಮೈಕಿನಲ್ಲಿ ಕೂಗಿ ಹೇಳುತ್ತಿದ್ದರು. ಕನ್ನಡದಲ್ಲಿ!

ಈಗ ಅದೇ ನಂದೊಳ್ಳಿಯ ಒಬ್ಬ ಹುಡುಗ ಬೆಂಗಳೂರಿನ ಆಟ ನೋಡಲು ಹೊರಟ ಎಂದುಕೊಳ್ಳಿ ಗೆಳೆಯರೇ. ಇಪ್ಪತ್ತರ ಹುಡುಗ. ಅಡಿಕೆ ತೋಟದ ಕೆಲಸ ಮುಗಿಸಿ, ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿಸಿ, ಜನ್ಮದಲ್ಲಿ ಒಂದು ಸಲ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೂತು ನಮ್ಮ ತಂಡದ ಆಟ ನೋಡಬೇಕು ಎಂಬ ಆಸೆ. ತಪ್ಪೇ? ಯಲ್ಲಾಪುರಕ್ಕೆ ಇಂದಿಗೂ ರೈಲಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗ ದಶಕಗಳಿಂದ ಕಡತದಲ್ಲೇ ಓಡುತ್ತಿದೆ. ಆದ್ದರಿಂದ ರಾತ್ರಿ ಬಸ್ಸು, ಬೆಳಿಗ್ಗೆ ಮೆಜೆಸ್ಟಿಕ್ಕು. ಪಂದ್ಯ ಸಂಜೆ ಏಳೂವರೆಗೆ. ನಡುವೆ ಇಡೀ ದಿನ ಈ ಊರಿನ ಬೀದಿಯಲ್ಲಿ ಅವನು ಯಾರೂ ಅಲ್ಲ.

ಮೊದಲ ಗೋಡೆ ಟಿಕೆಟ್ಟು. ಕೌಂಟರಿನ ಮುಂದೆ ಸಾಲು ನಿಂತು ಟಿಕೆಟ್ ಪಡೆಯುವ ಕಾಲ ಹೋಯಿತು. ಎಲ್ಲಾ ಮೊಬೈಲಿನಲ್ಲಿ, ಎಲ್ಲಾ ಇಂಗ್ಲಿಷಿನಲ್ಲಿ. ಪುಟ ತೆರೆಯುವಷ್ಟರಲ್ಲಿ ಖಾಲಿ! 2025ರಲ್ಲಿ ಬೆಂಗಳೂರಿನ ಐಪಿಎಲ್ ಪಂದ್ಯಗಳ ಅಗ್ಗದ ಟಿಕೆಟ್ಟೇ ಎರಡು ಸಾವಿರ ರೂಪಾಯಿ ದಾಟಿತ್ತು. ಆ ವರ್ಷದ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ಟಿನ ಮೇಲಿನ ಜಿಎಸ್‌ಟಿಯನ್ನು ಶೇಕಡ 28ರಿಂದ 40ಕ್ಕೆ ಏರಿಸಲಾಯಿತು. ಗುಟ್ಕಾಕ್ಕೆ ಹಾಕುವ ದರ್ಜೆಯ ತೆರಿಗೆಯನ್ನು ಆಟ ನೋಡುವವನ ತಲೆಗೂ ಕಟ್ಟಿದ್ದಾರೆ. ಅಂಗಡಿಯ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕೆಂದು 2024ರಲ್ಲಿ ನಾವೆಲ್ಲ ಬೀದಿಗಿಳಿದು ಕಾನೂನು ಮಾಡಿಸಿಕೊಂಡೆವು. ಬೀದಿಯ ಅಂಗಡಿಗೆ ಒಂದು ನ್ಯಾಯ, ಮೊಬೈಲಿನೊಳಗೆ ತೆರೆದ ಅಂಗಡಿಗೆ ಇನ್ನೊಂದು ನ್ಯಾಯವೇ? ಎರಡು ಸಾವಿರ ತೆಗೆದುಕೊಳ್ಳುವವನು ಅದರ ಷರತ್ತುಗಳನ್ನು ಕೊಡುವವನ ಭಾಷೆಯಲ್ಲಿ ಹೇಳಬೇಡವೇ?

ಎರಡನೆಯದು ಚೀಲ. ನಗರದ ಹುಡುಗರಿಗೆ ಇದು ಹೊಳೆಯುವುದೇ ಇಲ್ಲ. ನೀವು ಮನೆಯಿಂದ ಕೈಬೀಸಿಕೊಂಡು ಬರುತ್ತೀರಿ. ಐನೂರು ಕಿಲೋಮೀಟರು ದೂರದಿಂದ ಬರುವವನ ಬೆನ್ನಿಗೆ ಒಂದು ಚೀಲ ಇದ್ದೇ ಇರುತ್ತದೆ. ಒಂದು ಅಂಗಿ, ಟವೆಲ್ಲು, ಚಾರ್ಜರು, ಅವ್ವ ಕಟ್ಟಿಕೊಟ್ಟ ಅವಲಕ್ಕಿ. ಗೇಟಿನಲ್ಲಿ ಚೀಲ ಬಿಡುವುದಿಲ್ಲ, ಪವರ್ ಬ್ಯಾಂಕ್ ಬಿಡುವುದಿಲ್ಲ, ನೀರಿನ ಬಾಟಲಿ ಬಿಡುವುದಿಲ್ಲ. ಭದ್ರತೆಗೆ ಬೇಕು, ಒಪ್ಪೋಣ. ಆದರೆ ಅದನ್ನು ಎಲ್ಲಿಡಬೇಕು? ಉತ್ತರವಿಲ್ಲ. ಅದನ್ನು ಹೇಳುವ ಖಾಸಗಿ ಕಾವಲಿನವನಿಗೆ ಎಷ್ಟೋ ಸಲ ಕನ್ನಡ ಬಾರದು. ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇವೆ. ಆ ಕಾವಲಿನವನೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಬಡವ. ಅವನ ಮೇಲೆ ಕೈ ಎತ್ತುವುದು ಹೋರಾಟವಲ್ಲ, ಹೇಡಿತನ. ಕೇಳಬೇಕಾದ್ದು ಅವನನ್ನಲ್ಲ. ಹತ್ತು ವಾಕ್ಯ ಕನ್ನಡ ಕಲಿಸದೆ ಅವನನ್ನು ಗೇಟಿನಲ್ಲಿ ನಿಲ್ಲಿಸಿದ ಗುತ್ತಿಗೆದಾರನನ್ನು, ಆ ಗುತ್ತಿಗೆಗೆ ಸಹಿ ಹಾಕಿದವರನ್ನು.

ಇದೆಲ್ಲ ಸಣ್ಣ ವಿಷಯ ಅನ್ನುವವರು 2025ರ ಜೂನ್ 4ನ್ನು ನೆನಪಿಸಿಕೊಳ್ಳಲಿ.

ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರು ರನ್ನುಗಳಿಂದ ಪಂಜಾಬನ್ನು ಸೋಲಿಸಿ ಹದಿನೆಂಟನೇ ವರ್ಷಕ್ಕೆ ಕಪ್ ನಮ್ಮದಾಯಿತು. ಆ ರಾತ್ರಿ ಬೀದರಿನಿಂದ ಚಾಮರಾಜನಗರದವರೆಗೆ ಮಲಗಿದವರು ಯಾರು? ಮರುದಿನ ಸಂಜೆಗೇ ಸಂಭ್ರಮ ಎಂದರು. ತಂಡದ ಸಾಮಾಜಿಕ ಜಾಲತಾಣದಲ್ಲಿ ಮೆರವಣಿಗೆ ಎಂದು ಬಂತು. ಮೆರವಣಿಗೆಗೆ ಅನುಮತಿ ಇಲ್ಲ ಎಂದು ಪೊಲೀಸರು ಹೇಳಿದರು. ಪ್ರವೇಶ ಉಚಿತ ಎಂದರು, ಪಾಸು ಬೇಕು ಎಂದರು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ಅತ್ತ ಕ್ರೀಡಾಂಗಣದಲ್ಲಿ ಇನ್ನೊಂದು. ಸುಮಾರು 35 ಸಾವಿರ ಜನ ಕೂರುವ ಜಾಗಕ್ಕೆ ಲಕ್ಷಗಟ್ಟಲೆ ಜನ. ಯಾವ ಗೇಟು ತೆರೆದಿದೆ, ಯಾವುದು ಮುಚ್ಚಿದೆ, ಯಾರಿಗೆ ಗೊತ್ತು? ಹನ್ನೊಂದು ಜೀವ ಗೇಟಿನ ಮುಂದೆ ನೆಲಕ್ಕೆ ಬಿತ್ತು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಹೊರಗೆ ಹೆಣ ಬೀಳುತ್ತಿದ್ದಾಗ ಒಳಗೆ ಸಂಭ್ರಮ ನಡೆದೇ ಇತ್ತು. ಸತ್ತವರಲ್ಲಿ ಬೇರೆ ಜಿಲ್ಲೆಗಳಿಂದ ಬಂದ ಎಳೆಯರೂ ಇದ್ದರು. ಅಂದು ಸಂಜೆ ಎಷ್ಟು ಊರುಗಳಿಂದ ಎಷ್ಟು ತಾಯಂದಿರು ಫೋನು ಹಿಡಿದು ‘ತಮಾ, ಎಲ್ಲಿದ್ಯೋ?’ ಎಂದು ಕೂಗಿರಬೇಡ!

ಆ ಸಾವುಗಳಿಗೆ ಭಾಷೆಯೇ ಕಾರಣ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸತ್ತವರಿಗೆ ಅವಮಾನ, ತಪ್ಪು ಮಾಡಿದವರಿಗೆ ಅನುಕೂಲ. ಒಂದೇ ದಿನದಲ್ಲಿ ಸಂಭ್ರಮ ಮುಗಿಸಬೇಕೆಂಬ ಆತುರ, ಫೋಟೋದ ಹಪಾಹಪಿ, ನಾನು ಕರೆಯಲಿಲ್ಲ ನೀನು ಕರೆದೆ ಎಂಬ ಆಟ, ಇವು ಕಾರಣ. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ ವಿಚಾರಣೆ ನಡೆಸಿ, ಈ ಕ್ರೀಡಾಂಗಣದ ರಚನೆಯೇ ಇಂಥ ಭಾರೀ ಜನಸಂದಣಿಗೆ ತಕ್ಕದ್ದಲ್ಲ, ಸುರಕ್ಷಿತವೂ ಅಲ್ಲ ಎಂದಿತು. ಸಾಲು ನಿಲ್ಲುವುದೇ ಫುಟ್‌ಪಾತಿನ ಮೇಲೆ, ರಸ್ತೆಯ ಮೇಲೆ. ಪರಿಣಾಮ? ಆ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನ ಕೈತಪ್ಪಿದವು. ಇಲ್ಲಿ ನಡೆಯಬಹುದಾಗಿದ್ದ ಫೈನಲ್ ನವಿ ಮುಂಬೈಗೆ ಹೋಯಿತು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಅಲ್ಲಿ ವಿಶ್ವಕಪ್ ಎತ್ತಿದರು. ನಾವು ಟೀವಿಯಲ್ಲಿ ನೋಡಿದೆವು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಲಕ್ಷ ಜನ ಸೇರಿದ ಕಡೆ ‘ಹಿಂದೆ ಸರಿಯಿರಿ, ಈ ಗೇಟು ತೆರೆಯುವುದಿಲ್ಲ, ಬಲಕ್ಕೆ ಹೋಗಿ’ ಎಂಬ ಮೂರು ಮಾತು ಯಾವ ಭಾಷೆಯಲ್ಲಿ, ಎಷ್ಟು ದೂರ ಕೇಳುವಂತೆ ಕೂಗಬೇಕು? ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಹೋಗಿ ನೋಡಿ. ಎರಡು ವರ್ಷಕ್ಕೊಮ್ಮೆ, ಎಂಟೊಂಬತ್ತು ದಿನ, ಲಕ್ಷಾಂತರ ಜನ. ನಮ್ಮ ಜಾತ್ರೆಗಳಲ್ಲಿ ತೊಂದರೆಯೇ ಇಲ್ಲ ಎಂದಲ್ಲ. ಆದರೆ ಅಲ್ಲಿ ಮೈಕು ಬಾಯಿ ಮುಚ್ಚುವುದಿಲ್ಲ. ಮಗು ತಪ್ಪಿಸಿಕೊಂಡರೆ, ಸಾಲು ನಿಂತರೆ, ರಸ್ತೆ ತಿರುಗಿಸಿದರೆ ಮರುಕ್ಷಣ ಪ್ರಕಟಣೆ. ಕ್ರೀಡಾಂಗಣದ ಮೈಕು ಹಾಡಿಗೆ ಇದೆ, ಕುಣಿತಕ್ಕೆ ಇದೆ, ಜಾಹೀರಾತಿಗೆ ಇದೆ. ಹೊರಗೆ ನಿಂತವನಿಗೆ ಇಲ್ಲ.

ಈ ಕ್ರೀಡಾಂಗಣ ಯಾರಪ್ಪನ ಮನೆಯದ್ದೂ ಅಲ್ಲ ಎಂಬುದನ್ನು ಹೊಸ ಹುಡುಗರು ತಿಳಿದಿರಬೇಕು. 1969ರಲ್ಲಿ ರಾಜ್ಯ ಸರ್ಕಾರದ ಉದಾರ ನೆರವಿನಿಂದ ಇದರ ಅಡಿಗಲ್ಲು ಬಿತ್ತು. ಹೆಸರು ಕೊಟ್ಟ ಎಂ. ಚಿನ್ನಸ್ವಾಮಿ ಮಂಡ್ಯದ ಕಡೆಯ ವಕೀಲರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ತಂಡದ ಹೆಸರೂ ಬದಲಾಯಿತು. ಕರ್ನಾಟಕ ಎಂಬ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ, ಹದಿನೈದು ವರ್ಷ ಸತತವಾಗಿ ರಣಜಿ ಗೆದ್ದು ಬೀಗುತ್ತಿದ್ದ ಬಾಂಬೆಯನ್ನು ಪ್ರಸನ್ನ ಅವರ ಪಡೆ ಇದೇ ನೆಲದಲ್ಲಿ ಸೆಮಿಫೈನಲ್ಲಿನಲ್ಲಿ ಕೆಡವಿತು. ವಿಶ್ವನಾಥ್ ಶತಕ, ಬ್ರಿಜೇಶ್ ಪಟೇಲ್ ಶತಕ. ಮುಂದೆ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಟ್ರೋಫಿ. ನಾಡಿಗೆ ಹೆಸರು ಬಂದ ವರ್ಷವೇ ನಾಡಿಗೆ ಕಪ್ಪೂ ಬಂತು! ಐಪಿಎಲ್ಲಿನ ತಂಡ ಮಾತ್ರ ಬೆಂಗಳೂರು ಎಂಬ ಹೆಸರಿಗೆ ಬರಲು ಒದ್ದಾಡಿತು. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರಲ್ಲಿ, ತಂಡದ ಹೆಸರು ಬದಲಾದದ್ದು 2024ರ ಮಾರ್ಚಿನಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಹಿಂದಿಯಲ್ಲೊಂದು ಖಾತೆ ತೆರೆದು ಕನ್ನಡಿಗರಿಂದ ಚೆನ್ನಾಗಿ ಉಗಿಸಿಕೊಂಡಿತು. ಹಿಂದಿಯವನನ್ನು ಅವನ ಭಾಷೆಯಲ್ಲಿ ಕರೆಯಲು ಅಷ್ಟು ಕಾಳಜಿ ಇರುವವರಿಗೆ ನಂದೊಳ್ಳಿಯವನಿಗೆ ಗೇಟು ತೋರಿಸಲು ಏನು ಕಷ್ಟ?

2025ರ ಡಿಸೆಂಬರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಗೆದ್ದವರು ವೆಂಕಟೇಶ್ ಪ್ರಸಾದ್. 1996ರ ಮಾರ್ಚ್ 9ರ ರಾತ್ರಿ ಇದೇ ಮೈದಾನದಲ್ಲಿ ಅಮೀರ್ ಸೊಹೇಲನ ಸ್ಟಂಪು ಕಿತ್ತವರು. ಅಂದು ಗ್ಯಾಲರಿಯಲ್ಲಿ ಕಿರುಚಿದವರಿಗೆಲ್ಲ ಅವರು ಇಂದಿಗೂ ನಮ್ಮ ಹುಡುಗ. ಆ ಸಲಿಗೆಯಿಂದಲೇ ಕೇಳುತ್ತೇವೆ. ಪ್ರಸಾದ್ ಅವರೇ, ಪ್ರತಿ ಪಂದ್ಯದಲ್ಲಿ ಒಂದಿಷ್ಟು ಅಗ್ಗದ ಟಿಕೆಟ್ಟುಗಳನ್ನು ಹೊರಜಿಲ್ಲೆಯವರಿಗೆಂದು ತೆಗೆದಿಡಿ, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನಲ್ಲಿ ಕೌಂಟರ್ ತೆರೆದು ಕೈಗೆ ಕೊಡಿ. ಚೀಲ ಇಡಲು ಒಂದು ಕೊಠಡಿ ಮಾಡಿ. ಗೇಟಿನ ಫಲಕ ದೂರದಿಂದ ಕಾಣುವಂತೆ ಕನ್ನಡದಲ್ಲಿರಲಿ, ಮೊದಲ ಪ್ರಕಟಣೆ ಕನ್ನಡದಲ್ಲಿರಲಿ, ಆ ಪ್ರಕಟಣೆ ಹೊರಗಿನ ರಸ್ತೆಗೂ ಕೇಳಲಿ. ಸಾರಿಗೆ ಸಚಿವರಿಗೂ ಒಂದು ಮಾತು. ಪಂದ್ಯದ ದಿನ ಮೆಟ್ರೋ ತಡರಾತ್ರಿಯವರೆಗೆ ಓಡುತ್ತದೆ, ಒಳ್ಳೆಯದು. ಆದರೆ ಮಲೆನಾಡಿನ, ಉತ್ತರ ಕರ್ನಾಟಕದ ಹೆಚ್ಚಿನ ರಾತ್ರಿ ಬಸ್ಸುಗಳು ಪಂದ್ಯ ಮುಗಿಯುವ ಮೊದಲೇ ಮೆಜೆಸ್ಟಿಕ್ ಬಿಟ್ಟಿರುತ್ತವೆ. ಹನ್ನೊಂದೂವರೆಗೆ ಹೊರಬಂದವನು ಬೆಳಗಿನವರೆಗೆ ಪ್ಲಾಟ್‌ಫಾರಂನಲ್ಲಿ ಸೊಳ್ಳೆ ಹೊಡೆಯಬೇಕು. ಮಧ್ಯರಾತ್ರಿ ಒಂದಕ್ಕೆ ಹುಬ್ಬಳ್ಳಿ ಕಡೆಗೊಂದು, ಶಿವಮೊಗ್ಗ-ಶಿರಸಿ ಕಡೆಗೊಂದು ಬಸ್ಸು ಬಿಟ್ಟರೆ ಸೀಟು ಖಾಲಿ ಉಳಿಯುತ್ತದೆಯೇ? ಒಂದು ಸಲ ಬಿಟ್ಟು ನೋಡಲಿ.

ಇನ್ನು ನೀವು, ಬೆಂಗಳೂರಿನ ಕನ್ನಡದ ಹುಡುಗ ಹುಡುಗಿಯರು. 2017ರಲ್ಲಿ ಮೆಟ್ರೋದ ಹಿಂದಿ ಫಲಕ ಇಳಿಸಿದ್ದು ನಿಮ್ಮ ಗಟ್ಟಿತನ. ಆದರೆ ಊರಿನಿಂದ ಬಂದವನು ಮೆಟ್ರೋ ಟೋಕನ್ ಹೇಗೆ ಪಡೆಯುವುದೆಂದು ಕೇಳಿದಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುಂದೆ ಹೋದವರೂ ನಿಮ್ಮೊಳಗೇ ಇದ್ದಾರೆ. ಅವನ ಮಾತಿನ ಧಾಟಿ ಕೇಳಿ ನಕ್ಕವರೂ ಇದ್ದಾರೆ. ಶಿರಸಿ-ಯಲ್ಲಾಪುರದ ಕನ್ನಡವೂ ಕನ್ನಡವೇ ಸ್ವಾಮಿ!

ಆದ್ದರಿಂದ ಈ ಕೆಲಸ ಮಾಡಿ. ಮುಂದಿನ ಪಂದ್ಯದ ದಿನ ಹತ್ತು ಜನ ಗೆಳೆಯರು ಮಧ್ಯಾಹ್ನ ಮೂರಕ್ಕೆ ಮೆಜೆಸ್ಟಿಕ್ ಸೇರಿ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ನಕಲು ತೆಗೆಸಿ: ನೇರಳೆ ಮಾರ್ಗ ಹಿಡಿಯಿರಿ, ಮೂರನೇ ನಿಲ್ದಾಣ ಕಬ್ಬನ್ ಪಾರ್ಕ್, ಅಲ್ಲೇ ಇಳಿಯಿರಿ, ಟಿಕೆಟ್ಟಿನ ಮೇಲಿನ ಗೇಟಿನ ಸಂಖ್ಯೆ ನೋಡಿಕೊಂಡೇ ನಡೆಯಿರಿ, ನೂಕುನುಗ್ಗಲು ಕಂಡರೆ ಟಿಕೆಟ್ಟಿನ ಆಸೆ ಬಿಟ್ಟು ಹಿಂದೆ ಸರಿಯಿರಿ, ದುಡ್ಡು ಹೋದರೆ ಹೋಗಲಿ. ಬೆನ್ನಿಗೆ ಚೀಲ ಇದ್ದವರು ಕಂಡರೆ ಮೊದಲು ಎದುರಿನ ರೈಲು ನಿಲ್ದಾಣದ ಸಾಮಾನು ಕೊಠಡಿಗೆ ಕರೆದುಕೊಂಡು ಹೋಗಿ. ಟಿಕೆಟ್ ಸಿಗದೆ ಪೆಚ್ಚಾಗಿ ನಿಂತವನಿಗೆ ಹೇಳಿ, ಚಳಿಗಾಲದಲ್ಲಿ ಬಾ, ರಣಜಿ ಪಂದ್ಯಕ್ಕೆ ಸಾಮಾನ್ಯವಾಗಿ ಟಿಕೆಟ್ಟೇ ಬೇಡ, ಬೆಳಿಗ್ಗೆ ಬಂದು ಸಂಜೆ ಬಸ್ಸು ಹಿಡಿಯಬಹುದು, ಕರ್ನಾಟಕ ಎಂಬ ಹೆಸರಿನ ತಂಡವೇ ಆಡುತ್ತದೆ ಎಂದು. ಹಾಳೆಯ ಕೆಳಗೆ ನಿಮ್ಮ ಸಂಘದ ಫೋನ್ ಸಂಖ್ಯೆ ಹಾಕಿ. ರಾತ್ರಿ ಹನ್ನೆರಡಕ್ಕೆ ಯಾರಾದರೂ ಕರೆದರೆ ಎತ್ತಿ.