ಸುಸ್ಥಿರ ಅಭಿವೃದ್ಧಿ ಓದುವವರು ಮೋರಿ ಪಕ್ಕ ನಿಲ್ಲಲಿ!

‘ಸುಸ್ಥಿರ ಅಭಿವೃದ್ಧಿ ಅಂದ್ರೆ ಏನು ಸ್ವಾಮಿ?’ ಎಂದು ವಿಲ್ಸನ್ ಗಾರ್ಡನ್ ಅಂಗಡಿ ಸಾಲಿನಲ್ಲಿ ಕೇಳಿದರೆ, ‘ಯಾವ ಬ್ಯಾಂಕಿನ ಸಾಲ?’ ಎಂಬ ಮರುಪ್ರಶ್ನೆ ಬಂದೀತು. ಉತ್ತರ ತೀರಾ ದೂರವೇನಿಲ್ಲ. ಅಸಲು ಕರಗಿಸದೆ ಬಡ್ಡಿಯಲ್ಲಿ ಸಂಸಾರ ನಡೆಸುವ ವಿದ್ಯೆಗೇ ಈ ದೊಡ್ಡ ಹೆಸರು. ನೀರು, ಗಾಳಿ, ಮಣ್ಣು ಅಸಲು. ಅದನ್ನು ಮೊಮ್ಮಕ್ಕಳಿಗೆ ಉಳಿಸಿ ನಾವೂ ಹೊಟ್ಟೆ ತುಂಬಿಸಿಕೊಳ್ಳಬೇಕು. 1987ರಲ್ಲಿ ಬ್ರುಂಟ್‌ಲಂಡ್ ಆಯೋಗದ ವರದಿ ಜಗತ್ತಿಗೆ ಹೇಳಿದ್ದರ ತಿರುಳೂ ಇಷ್ಟೇ.

ಈಗ ಇದು ಎಂ.ಎ., ಎಂ.ಎಸ್ಸಿ. ಮಟ್ಟದ ವಿಷಯ. ಕಾಮಗಾರಿಯಿಂದ ಪರಿಸರಕ್ಕೆ ಏನಾದೀತು, ನೀರಿನ ಜಮಾ-ಖರ್ಚು ಎಷ್ಟು, ಲಾಭ ಯಾರಿಗೆ, ನಷ್ಟ ಯಾರ ತಲೆಗೆ ಎಂದು ಲೆಕ್ಕ ಹಾಕುವುದೇ ಪಾಠ. ಕಲಿಯಬೇಕಾದ್ದೇ, ತಕರಾರಿಲ್ಲ. ಆದರೆ ಕಲಿತದ್ದು ಹೋಗಿ ಸೇರುವುದೆಲ್ಲಿ? ಇಂಗ್ಲಿಷಿನಲ್ಲೊಂದು ಪ್ರಬಂಧ, ಅದಕ್ಕೊಂದು ರಟ್ಟು, ಲೈಬ್ರರಿಯ ಬೀರು. ಬಹುಪಾಲು ಅಲ್ಲಿಗೇ ಮುಗಿಯಿತು. ಪುಸ್ತಕದ ಬದನೆಕಾಯಿ ಸಾರಿಗೆ ಬಂದೀತೆ?

ಪಠ್ಯ ಹರಿಯುತ್ತಿದೆ!

ಶಾಂತಿನಗರ ಬಸ್ ನಿಲ್ದಾಣದ ಬಳಿ ಹಾದುಹೋಗುವ ರಾಜಕಾಲುವೆಯನ್ನೇ ನೋಡಿ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ ಪಂಪಾಗಿ. 1974ರಿಂದ ಈ ಏತ ನಡೆದಿದೆ. ಹೋಟೆಲಿನ ಲೋಟ ತೊಳೆದು, ಮನೆಯ ಸ್ನಾನ ಮುಗಿಸಿ ಅದೇ ನೀರು ಕೊಳಚೆಯಾಗಿ ಕೋರಮಂಗಲ ಕಣಿವೆಯಲ್ಲಿ ಬೆಳ್ಳಂದೂರು ಕೆರೆಯ ದಾರಿ ಹಿಡಿಯುತ್ತದೆ. ಆ ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಎದ್ದದ್ದನ್ನು ಊರೇ ನೋಡಿತು. ಕೆರೆಗೆ ಬೆಂಕಿ! ಅದೇ 2018ರಿಂದ ಈ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಂದ್ರೆ ಇಲ್ಲಿ ಚೆಲ್ಲುವ ಸೋಪಿನ ನೀರಿಗೂ ಅಲ್ಲಿನ ರೈತನ ಬೋರ್‌ವೆಲ್ಲಿಗೂ ನಂಟು ಬಿದ್ದಾಯಿತು. ಸ್ನಾತಕೋತ್ತರ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಠ್ಯ ಬೇಕೆ?

ಉಂಗ್ರದ ಪಾಠ

ಹೀಗೆ ಜನರ ನಡುವೆ ಕೂತು ಕಲಿಯುವುದು ಬೆಂಗಳೂರಿಗೆ ಹೊಸದಲ್ಲ. ‘ಸುಸ್ಥಿರ’ ಎಂಬ ಮಾತು ಚಾಲ್ತಿಗೆ ಬರುವ ಮುನ್ನವೇ, 1974ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ಲ್ಯಾಬೊರೇಟರಿ ಬಿಟ್ಟು ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ನಡೆದರು. ಯಾವ ಮನೆಗೆ ಎಷ್ಟು ಸೌದೆ, ಅದಕ್ಕೆ ಹೆಂಗಸರು ಎಷ್ಟು ಹೊತ್ತು ಅಲೆಯಬೇಕು ಎಂದು ಲೆಕ್ಕ ಹಾಕಿದರು. ಅಲ್ಲಿಂದ ಬಂದದ್ದು ಹೊಗೆ ಕೊಳವೆಯ ಅಸ್ತ್ರ ಒಲೆ.

ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ಅಡುಗೆಗೆ ಗೋಬರ್ ಗ್ಯಾಸ್ ಕೊಡಲು ಹೊರಟಾಗ ಸಗಣಿ ಸಾಲಲಿಲ್ಲ. ಹಳ್ಳಿಯವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. ಸರಿ, 1987ರಲ್ಲಿ ಅದೇ ಗ್ಯಾಸಿನಿಂದ ಕರೆಂಟು ತೆಗೆದು ನೀರು ಎತ್ತಿದರು, ಮನೆಗೆ ದೀಪ ಕೊಟ್ಟರು. ಜನರನ್ನು ಕೇಳಿ ಯೋಜನೆ ತಿದ್ದಿಕೊಳ್ಳುವುದೇ ನಿರ್ವಹಣೆ! ಅಸ್ತ್ರ ಮುಂದೆ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂದು ಹೆಸರು ಬದಲಿಸಿಕೊಂಡಿತು. ಕೆಲಸ ಮೊದಲು, ಹೆಸರು ಆಮೇಲೆ.

ಹಳ್ಳಿಗೆ ಆದದ್ದು ವಾರ್ಡಿಗೆ ಯಾಕಾಗಬಾರದು? ಈ ವಿಷಯದ ಪ್ರತಿ ವಿದ್ಯಾರ್ಥಿಗೂ ಒಂದು ವಾರ್ಡು ಗೊತ್ತು ಮಾಡಲಿ, ಒಂದು ವರ್ಷ. ಯಾವ ಪೈಪು ಮೋರಿಗೆ ಬಿದ್ದಿದೆ, ಯಾವ ಹೋಟೆಲಿನ ಎಂಜಲು ಎಲ್ಲಿಗೆ, ಯಾವ ಗ್ಯಾರೇಜಿನ ಎಣ್ಣೆ ಎಲ್ಲಿಗೆ ಎಂದು ಬರೆಯಲಿ. ಕನ್ನಡದಲ್ಲಿ ಎರಡೇ ಪುಟ ಸಾಕು. ಅದು ವಾರ್ಡ್ ಕಚೇರಿ ಗೋಡೆಗೆ ಅಂಟಲಿ. ಅಂಗಡಿಯವರಿಗೆ ಅರ್ಥವಾದರೆ ಪೂರ್ತಿ ಮಾರ್ಕು, ಇಲ್ಲದಿದ್ದರೆ ಸೊನ್ನೆ. ಅಂಗಡಿಯವರೂ ಸಾಚಾ ಅಲ್ಲ. ಬಾಗಿಲು ಹಾಕುವ ಹೊತ್ತಿಗೆ ಕಸ ಮೋರಿಗೆ ಗುಡಿಸುವವರ ಲೆಕ್ಕವೂ ಆ ಗೋಡೆಯ ಮೇಲೆ ಬರಲಿ.

‘ವಿದ್ಯಾರ್ಥಿಗಳೇನು ಪಾಲಿಕೆಯ ಕೂಲಿಗಳೇ?’ ಎಂದು ಪ್ರಾಧ್ಯಾಪಕರು ಹುಬ್ಬೇರಿಸಬಹುದು. ಅಲ್ಲ, ಹೂಳೆತ್ತಬೇಕಾದ್ದು ಪಾಲಿಕೆಯೇ. ಆದರೆ ಡಾಕ್ಟರಿಕೆ ಓದುವವರು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ದುಡಿಯುವುದಿಲ್ಲವೇ? ನಾಡಿ ಹಿಡಿಯದವನ ಕೈಗೆ ಯಾರೂ ರೋಗಿಯನ್ನು ಒಪ್ಪಿಸರು. ಊರನ್ನು ಮಾತ್ರ ಒಪ್ಪಿಸಬಹುದೇ?

ವಿಶ್ವವಿದ್ಯಾಲಯದ ದೊಡ್ಡವರು ಒಂದು ಸಂಜೆ ಶಾಂತಿನಗರದ ಬಸ್ಸು ಹತ್ತಲಿ. ಇಳಿದ ಮೇಲೆ ದಾರಿ ಕೇಳುವ ತಾಪತ್ರಯವಿಲ್ಲ. ಮೂಗೇ ಕರೆದುಕೊಂಡು ಹೋಗುತ್ತದೆ.